ಪೇಟೆಂಟ್ ಪಡೆಯಲು ಸಹಾಯಧನವಿದೆ, ಹುಸಿ ಪೇಟೆಂಟ್ ಕೆಡವಲು ಏಕಿಲ್ಲ?

ಗೆ,
ಮಾನ್ಯ ಸಚಿವರು,
ಮಾಹಿತಿ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಹುರುಳಿಲ್ಲದ ತಂತ್ರಜ್ಞಾನ ಪೇಟೆಂಟ್‌ಗಳ ಹೆಸರಿನಲ್ಲಿ ನಡೆಯುತ್ತಿರುವ ಲೈಸೆನ್ಸ್ ವಸೂಲಿ ಹಾಗೂ ಅದನ್ನು ಎದುರಿಸುವ ಸಣ್ಣ ಸಂಸ್ಥೆಗಳಿಗೆ ನೆರವು ಕೋರಿ.

ಮಾನ್ಯರೇ,

ಅಂಗಡಿಗಳ ದಾಸ್ತಾನು ಲೆಕ್ಕ ಇಡುವ ಸಾಫ್ಟ್‌ವೇರ್ ಬರೆದು ಮಾರುವುದು ನಮ್ಮ ಕಸುಬು. ಕಚೇರಿ ಮೈಸೂರಿನಲ್ಲಿ, ಗಿರಾಕಿಗಳಲ್ಲಿ ಅರ್ಧದಷ್ಟು ಜನ ಇಲ್ಲಿಯವರು, ಉಳಿದವರು ಅಮೆರಿಕದವರು. ಕಳೆದ ವರ್ಷ ಅಲ್ಲಿಯ ಒಬ್ಬ ಗಿರಾಕಿಯಿಂದ ಒಂದು ಮೇಲ್ ಬಂತು. ಟೆಕ್ಸಸ್‌ನ ವಕೀಲರೊಬ್ಬರು ಅವರಿಗೆ ಕಳಿಸಿದ್ದ ಪತ್ರವನ್ನೇ ಅವರು ನಮಗೆ ದಾಟಿಸಿದ್ದರು. ಸರಕು ಒಂದು ಮಿತಿಗಿಂತ ಕಡಿಮೆಯಾದಾಗ ಮಾಲೀಕನ ಫೋನಿಗೆ ಸಂದೇಶ ಹೋಗುವ ವಿಧಾನಕ್ಕೆ ತಮ್ಮ ಕಕ್ಷಿದಾರರ ಬಳಿ ಪೇಟೆಂಟ್ ಇದೆ, ನೀವು ಅದನ್ನು ಉಲ್ಲಂಘಿಸಿದ್ದೀರಿ, ಲೈಸೆನ್ಸ್ ಪಡೆಯಿರಿ ಎಂಬುದು ಅದರ ಸಾರಾಂಶ. ಜೊತೆಗೆ ಎರಡು ಅಂಕಣಗಳ ಒಂದು ಕೋಷ್ಟಕವಿತ್ತು. ಎಡಗಡೆ ಪೇಟೆಂಟಿನ ವಾಕ್ಯಗಳು, ಬಲಗಡೆ ನಮ್ಮದೇ ಸಹಾಯ ಪುಟದಿಂದ ಎತ್ತಿದ ಚಿತ್ರಗಳು. ಡೆಮೊಗೆಂದು ನಮ್ಮ ಹುಡುಗರು ಇಟ್ಟಿದ್ದ 'ಮಂಜುನಾಥ ಪ್ರಾವಿಷನ್ ಸ್ಟೋರ್ಸ್' ಎಂಬ ಕಲ್ಪಿತ ಅಂಗಡಿ, ಅದರಲ್ಲಿ 'ತೊಗರಿಬೇಳೆ: ಉಳಿದಿದ್ದು 5 ಕೆಜಿ' ಎಂಬ ಎಚ್ಚರಿಕೆ, ಅದರ ಸುತ್ತ ಕೆಂಪು ಚೌಕ. ನಮ್ಮ ತೊಗರಿಬೇಳೆ ಟೆಕ್ಸಸ್ ವಕೀಲರ ಕಡತದಲ್ಲಿ ಸಾಕ್ಷ್ಯವಾಗಿ ಕೂತಿತ್ತು!

ಕೇಳಿದ್ದು 35 ಸಾವಿರ ಡಾಲರ್, ಹತ್ತಿರ ಹತ್ತಿರ 30 ಲಕ್ಷ ರೂಪಾಯಿ. ಬೇಗ ಒಪ್ಪಿದರೆ ಈ ದರ, ತಡವಾದರೆ ಹೆಚ್ಚು. ಗಿರಾಕಿಯೊಂದಿಗಿನ ಕರಾರಿನಲ್ಲಿ ಇಂಥ ತಕರಾರು ಬಂದರೆ ನಷ್ಟ ನಾವೇ ತುಂಬಿಕೊಡಬೇಕೆಂಬ ಷರತ್ತಿದೆ. ಅಮೆರಿಕದ ಗಿರಾಕಿ ಬೇಕೆಂದರೆ ಆ ಷರತ್ತಿಗೆ ಸಹಿ ಹಾಕದೆ ವಿಧಿಯಿಲ್ಲ. ಹಾಗಾಗಿ ಪತ್ರ ಅವರಿಗೆ ಬಂದರೂ ಬಿಲ್ಲು ನಮ್ಮದು. ಪೇಟೆಂಟಿನ ಒಡೆಯರು ಯಾರೆಂದು ಹುಡುಕಿದರೆ ಸಿಕ್ಕಿದ್ದು ಒಂದು ಕಂಪನಿಯ ಹೆಸರು, ಒಂದು ಅಂಚೆ ವಿಳಾಸ. ಒಂದು ಸಾಲು ಕೋಡ್ ಬರೆದವರಲ್ಲ, ಒಂದು ವಸ್ತು ಮಾರಿದವರಲ್ಲ. ಪೇಟೆಂಟ್ ಕೊಂಡು ಪತ್ರ ಕಳಿಸುವುದೇ ಅವರ ವ್ಯಾಪಾರ.

ಸಲಹೆ ಕೇಳಿದ ಕಡೆಯೆಲ್ಲ ಬಂದದ್ದು ಒಂದೇ ಮಾತು: "ಸುಮ್ನೆ ಕೊಟ್ಟು ಕೈ ತೊಳ್ಕೊಳ್ಳಿ ಸಾರ್, ಕೋರ್ಟಿಗೆ ಹೋದ್ರೆ ಇದರ ಹತ್ತು ಪಟ್ಟಾಗುತ್ತೆ." ಲೆಕ್ಕದಲ್ಲಿ ಅವರ ಮಾತು ಸರಿಯೇ. ಈ ದಂಧೆ ನಿಂತಿರುವುದೇ ಆ ಲೆಕ್ಕದ ಮೇಲೆ. ಕೇಳುವ ಮೊತ್ತ ಯಾವಾಗಲೂ ವಕೀಲರ ಖರ್ಚಿಗಿಂತ ಕಡಿಮೆ ಇರುತ್ತದೆ. ಪೇಟೆಂಟ್ ಗಟ್ಟಿಯೋ ಪೊಳ್ಳೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕೊಟ್ಟವರು ಬಾಯಿ ಬಿಡಬಾರದೆಂದು ಕರಾರು ಮಾಡಿಸಿಕೊಳ್ಳುತ್ತಾರೆ. ಆಮೇಲೆ ಮುಂದಿನ ಪತ್ರದಲ್ಲಿ 'ಇಷ್ಟು ಕಂಪನಿಗಳು ಈಗಾಗಲೇ ನಮ್ಮ ಪೇಟೆಂಟನ್ನು ಮಾನ್ಯ ಮಾಡಿವೆ' ಎಂಬ ಸಾಲು ಸೇರುತ್ತದೆ. ಹೆದರಿ ಕೊಟ್ಟ ಪ್ರತಿಯೊಬ್ಬನ ದುಡ್ಡೂ ಮುಂದಿನವನನ್ನು ಹೆದರಿಸಲು ಬಳಕೆಯಾಗುತ್ತದೆ.

ನಾವು ಕೊಡಲಿಲ್ಲ. ಬೆಂಗಳೂರಿನ ಜಯನಗರದಲ್ಲಿರುವ ನಿವೃತ್ತ ಎಂಜಿನಿಯರ್ ಒಬ್ಬರು, ತಾವು ಎಂಬತ್ತರ ದಶಕದಲ್ಲಿ ಒಂದು ಕಾರ್ಖಾನೆಗೆ ಹಾಕಿಕೊಟ್ಟ ದಾಸ್ತಾನು ಪ್ಯಾಕೇಜಿನ ಕೈಪಿಡಿಯನ್ನು ಅಟ್ಟದಿಂದ ಇಳಿಸಿಕೊಟ್ಟರು. ಡಾಟ್ ಮ್ಯಾಟ್ರಿಕ್ಸ್ ಮುದ್ರಣ, ಸ್ಪೈರಲ್ ಬೈಂಡಿಂಗ್, ಅಂಚೆಲ್ಲ ಹುಳ ತಿಂದಿತ್ತು. 'ರೀಆರ್ಡರ್ ಲೆವೆಲ್' ಎಂಬ ಅಧ್ಯಾಯದಲ್ಲಿ, ಮಿತಿ ದಾಟಿದೊಡನೆ ಸ್ಟೋರ್ ಕೀಪರ್‌ನ ಟರ್ಮಿನಲ್‌ಗೆ, ಎಂದರೆ ಆತನ ಮುಂದಿನ ಕಂಪ್ಯೂಟರ್ ಪರದೆಗೆ, ಸಂದೇಶ ಹೋಗುವ ಬಗೆ ಚಿತ್ರಸಹಿತ ಇತ್ತು. ಟರ್ಮಿನಲ್ ಹೋಗಿ ಫೋನ್ ಬಂದದ್ದು ಬಿಟ್ಟರೆ ಬೇರೇನು ವ್ಯತ್ಯಾಸ? ಆ ಪುಟಗಳ ಪ್ರತಿಯನ್ನು ಲಗತ್ತಿಸಿ, ಪೇಟೆಂಟಿನ ಮರುಪರಿಶೀಲನೆಗೆ ಅರ್ಜಿ ಹಾಕುತ್ತೇವೆಂದು ಉತ್ತರ ಕೊಟ್ಟೆವು. ಆ ಕಡೆಯಿಂದ ಮರುಮಾತಿಲ್ಲ.

ಇದನ್ನು ಗೆಲುವೆಂದು ಹೇಳಿಕೊಳ್ಳಲು ನನಗೆ ನಾಚಿಕೆ. ಅವರು ನಮ್ಮನ್ನು ಬಿಟ್ಟರು, ಅಷ್ಟೆ. ಪೇಟೆಂಟ್ ಇನ್ನೂ ಜೀವಂತವಾಗಿದೆ. ಅದೇ ಪತ್ರ ಹುಬ್ಬಳ್ಳಿಯ ಸ್ನೇಹಿತರೊಬ್ಬರ ಸಂಸ್ಥೆಗೂ ಹೋಯಿತು. ಅವರು ಹಣ ಕೊಟ್ಟರೆಂದು ಊಹಿಸಿದ್ದೇನೆ, ಏಕೆಂದರೆ ಆ ವಿಷಯ ಎತ್ತಿದಾಗಲೆಲ್ಲ ಅವರು ಮಾತು ಬದಲಿಸುತ್ತಾರೆ. ಪೇಟೆಂಟನ್ನು ಪೂರ್ತಿ ಕೆಡವಲು ದೊಡ್ಡ ದಾರಿಯೆಂದರೆ ಅಮೆರಿಕದ ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿಯ ಮುಂದೆ ಹೋಗುವುದು. ಅಲ್ಲಿ ಅರ್ಜಿಯ ಸರ್ಕಾರಿ ಶುಲ್ಕವೇ 40 ಸಾವಿರ ಡಾಲರ್ ಮೀರುತ್ತದೆ, ವಕೀಲರದು ಬೇರೆ. ನಾವು ಅಷ್ಟು ಸುರಿದು ಗೆದ್ದರೆ ಲಾಭ ಯಾರಿಗೆ? ನಮಗೆ, ಹುಬ್ಬಳ್ಳಿಯವರಿಗೆ, ಮಾರುಕಟ್ಟೆಯಲ್ಲಿ ನಮ್ಮ ಎದುರಾಳಿಗಳಾದ ಎಲ್ಲರಿಗೂ ಸಮಸಮ. ಖರ್ಚು ಒಬ್ಬನದು, ಫಲ ಎಲ್ಲರದು. ಹೀಗಿರುವಾಗ ಯಾವ ವ್ಯಾಪಾರಿಯೂ ತಾನೇ ಮುಂದೆ ಬರುವುದಿಲ್ಲ. ಸಚಿವರೇ, ಇದು ಸರ್ಕಾರ ಕೈ ಹಾಕಬೇಕಾದ ಜಾಗ ಎಂದು ನಾನು ಹೇಳುತ್ತಿರುವುದು ಇದೇ ಕಾರಣಕ್ಕೆ.

ಹೋರಾಡಿದವರಿಗೆ ಏನಾಯಿತೆಂಬುದು ದಾಖಲೆಯಲ್ಲಿದೆ. ಕಂಪ್ಯೂಟರ್ ಸಾಮಾನು ಮಾರುವ ಅಮೆರಿಕದ ನ್ಯೂಎಗ್ ಎಂಬ ಆನ್‌ಲೈನ್ ಅಂಗಡಿಯ ಮೇಲೆ 2007ರಲ್ಲಿ ಸೋವರಿನ್ ಎಂಬ ಕಂಪನಿ ಟೆಕ್ಸಸ್‌ನಲ್ಲಿ ದಾವೆ ಹೂಡಿತು. ಜಾಲತಾಣದಲ್ಲಿ ಸಾಮಾನು ಆರಿಸಿ 'ಶಾಪಿಂಗ್ ಕಾರ್ಟ್'ಗೆ ಹಾಕಿಕೊಳ್ಳುವ ವಿಧಾನ ತನ್ನದೆಂಬುದು ಅದರ ವಾದ. ಅದಕ್ಕೂ ಮೊದಲೇ, 2005ರಲ್ಲಿ, ಅಮೆಜಾನ್‌ನಂಥ ದೈತ್ಯ ಕಂಪನಿ ಇದೇ ಸೋವರಿನ್‌ಗೆ 4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತ್ತು. ನ್ಯೂಎಗ್ ರಾಜಿಗೆ ಒಪ್ಪಲಿಲ್ಲ. 2010ರಲ್ಲಿ ಜ್ಯೂರಿ, ಎಂದರೆ ತೀರ್ಪು ಹೇಳಲು ಆಯ್ದ ಸಾಮಾನ್ಯ ಜನರ ತಂಡ, ಅದರ ವಿರುದ್ಧವೇ ತೀರ್ಪಿತ್ತು ಸುಮಾರು 25 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದಿತು. ಕಂಪನಿ ಮೇಲ್ಮನವಿ ಹೋಯಿತು. 2013ರ ಜನವರಿಯಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಪೇಟೆಂಟನ್ನೇ ಅಸಿಂಧುಗೊಳಿಸಿತು. ಕೈ ಹಿಡಿದದ್ದು ಕಂಪ್ಯುಸರ್ವ್ ಮಾಲ್ ಎಂಬ ಹಳೆಯ ವ್ಯವಸ್ಥೆ. ವೆಬ್ ಹುಟ್ಟುವ ಮೊದಲೇ, ಎಂಬತ್ತರ ದಶಕದಲ್ಲಿ, ಜನ ಅದರಲ್ಲಿ ಫೋನ್ ತಂತಿಯ ಮೂಲಕ ಸಾಮಾನು ಆರ್ಡರ್ ಮಾಡುತ್ತಿದ್ದರು. ಅಷ್ಟು ಸರಳವಾದ ಸಂಗತಿಗೆ ಆರು ವರ್ಷ ಹಿಡಿಯಿತು. ಆ ತೀರ್ಪಿನ ನೆರಳಲ್ಲಿ, ಬೇರೆ ದಾವೆಯಲ್ಲಿ ಸೋತಿದ್ದ ಇತರ ಅಂಗಡಿಗಳೂ ಪಾರಾದವು.

ಅದೇ ನ್ಯೂಎಗ್ 2013ರ ನವೆಂಬರ್‌ನಲ್ಲಿ ಟೆಕ್ಸಸ್‌ನ ಮಾರ್ಷಲ್ ಎಂಬ ಪುಟ್ಟ ಊರಿನ ನ್ಯಾಯಾಲಯದಲ್ಲಿ ನಿಂತಿತು. ಟಿಕ್ಯೂಪಿ ಎಂಬ ಕಂಪನಿ, ಜಾಲತಾಣಗಳು ಬಳಸುವ ಸಾಮಾನ್ಯ ಗೂಢಲಿಪಿ ವಿಧಾನವೇ ತನ್ನ ಪೇಟೆಂಟ್ ಎಂದು ಹೇಳಿ ನೂರಕ್ಕೂ ಹೆಚ್ಚು ಕಂಪನಿಗಳಿಂದ 4 ಕೋಟಿ ಡಾಲರ್‌ಗೂ ಮೀರಿ ಎತ್ತಿತ್ತು. ಜಾಲದಲ್ಲಿ ಮಾಹಿತಿಯನ್ನು ಗುಟ್ಟಾಗಿಡುವ ಪಬ್ಲಿಕ್ ಕೀ ಗೂಢಲಿಪಿಯನ್ನು ಜಗತ್ತಿಗೆ ಕೊಟ್ಟವರಲ್ಲೊಬ್ಬರಾದ ವಿಟ್‌ಫೀಲ್ಡ್ ಡಿಫಿ ಖುದ್ದಾಗಿ ಬಂದು ಸಾಕ್ಷಿ ನುಡಿದರು. ಆದರೂ ಜ್ಯೂರಿ ಟಿಕ್ಯೂಪಿ ಪರವಾಗಿ 23 ಲಕ್ಷ ಡಾಲರ್ ತೀರ್ಪು ಕೊಟ್ಟಿತು. 2015ರ ಜುಲೈನಲ್ಲಿ ನ್ಯಾಯಾಧೀಶರು, ನ್ಯೂಎಗ್ ಉಲ್ಲಂಘನೆಯನ್ನೇ ಮಾಡಿಲ್ಲವೆಂದು ಆ ತೀರ್ಪನ್ನು ರದ್ದು ಮಾಡಿದರು. ಡಿಫಿಯಂಥವರ ಮಾತಿಗೇ ಈ ಗತಿಯಾದರೆ ಮೈಸೂರಿನ ನಮ್ಮಂಥವರ ಹುಳ ತಿಂದ ಕೈಪಿಡಿಗೆ ಮಾರ್ಷಲ್‌ನಲ್ಲಿ ಏನು ಬೆಲೆ ಬರುತ್ತಿತ್ತೋ. (ಅದೇ ಊರಿನ ನ್ಯಾಯಾಲಯದ ಎದುರಿಗೆ, ಅಲ್ಲಿ ಪೇಟೆಂಟ್ ದಾವೆಗಳನ್ನು ಎದುರಿಸುತ್ತಿದ್ದ ಸ್ಯಾಮ್‌ಸಂಗ್ ತನ್ನ ಖರ್ಚಿನಲ್ಲಿ ಐಸ್ ಸ್ಕೇಟಿಂಗ್ ಅಂಗಳಕ್ಕೆ ಪ್ರಾಯೋಜಕನಾಗಿತ್ತು. ಊರಿನ ಜನರೇ ಜ್ಯೂರಿಯಲ್ಲಿ ಕೂರುವವರು ತಾನೆ!)

'ಇದು ಅಮೆರಿಕದ ಕಾನೂನು, ನಮ್ಮಲ್ಲಿ ಪೇಟೆಂಟ್ ಕೇಂದ್ರದ ವಿಷಯ, ರಾಜ್ಯ ಏನು ಮಾಡೀತು' ಎಂದು ತಮ್ಮ ಅಧಿಕಾರಿಗಳು ಟಿಪ್ಪಣಿ ಬರೆಯಬಹುದು. ಅವರಿಗೆ ವರ್ಮಾಂಟ್ ರಾಜ್ಯದ ಕಥೆ ಹೇಳಬೇಕು. ಅಮೆರಿಕದಲ್ಲೂ ಪೇಟೆಂಟ್ ಒಕ್ಕೂಟ ಸರ್ಕಾರದ ವಿಷಯವೇ. ಎಂಪಿಎಚ್‌ಜೆ ಎಂಬ ಕಂಪನಿ, ಕಾಗದವನ್ನು ಸ್ಕ್ಯಾನ್ ಮಾಡಿ ನೇರ ಇಮೇಲ್‌ಗೆ ಕಳಿಸುವುದು ತನ್ನ ಪೇಟೆಂಟ್ ಎಂದು 16 ಸಾವಿರಕ್ಕೂ ಹೆಚ್ಚು ಸಣ್ಣ ಸಂಸ್ಥೆಗಳಿಗೆ ಪತ್ರ ಬರೆದಿತ್ತು. ಆಫೀಸಿನಲ್ಲಿ ಸ್ಕ್ಯಾನರ್ ಇದ್ದರೆ ಸಾಕು, ಒಬ್ಬೊಬ್ಬ ನೌಕರನ ಲೆಕ್ಕದಲ್ಲಿ ಸುಮಾರು ಸಾವಿರ ಡಾಲರ್. ಪತ್ರ ಕಳಿಸಲು ಅರ್ಥವಿಲ್ಲದ ಅಕ್ಷರಗಳ ಹೆಸರಿನ ಹತ್ತಾರು ಉಪಕಂಪನಿಗಳನ್ನು ಹುಟ್ಟುಹಾಕಿತ್ತು. ವರ್ಮಾಂಟ್‌ನಲ್ಲಿ ಈ ಪತ್ರ ಬುದ್ಧಿಮಾಂದ್ಯರ ಆರೈಕೆ ಮಾಡುವ ಸೇವಾಸಂಸ್ಥೆಗೂ ಬಂತು. ಆ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಪೇಟೆಂಟ್ ಕಾನೂನನ್ನು ಮುಟ್ಟಲೇ ಇಲ್ಲ. ಗ್ರಾಹಕ ರಕ್ಷಣಾ ಕಾಯ್ದೆಯಡಿ, ವಂಚನೆಯ ಪತ್ರವೆಂದು ಹೇಳಿ 2013ರ ಮೇ ತಿಂಗಳಲ್ಲಿ ದಾವೆ ಹೂಡಿದರು. ಅದೇ ವರ್ಷ ಆ ರಾಜ್ಯದ ಶಾಸನಸಭೆ, ದುರುದ್ದೇಶದಿಂದ ಪೇಟೆಂಟ್ ಬೆದರಿಕೆ ಹಾಕುವವರ ವಿರುದ್ಧ ಕಾನೂನು ಮಾಡಿತು. ಬಳಿಕ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ದಾರಿ ಹಿಡಿದವು. ವರ್ಮಾಂಟ್‌ನ ಜನಸಂಖ್ಯೆ ನಮ್ಮ ಮೈಸೂರು ನಗರದಷ್ಟೂ ಇಲ್ಲ.

ಇಂಥ ಪೇಟೆಂಟ್‌ಗಳ ನಿಜಬೆಲೆ ಎಷ್ಟೆಂಬುದನ್ನು ಒಡೆಯರೇ ಒಮ್ಮೆ ಬಾಯಿಬಿಟ್ಟು ಹೇಳಿದ್ದಾರೆ. ಶಿಪ್ಪಿಂಗ್ ಅಂಡ್ ಟ್ರಾನ್ಸಿಟ್ ಎಂಬ ಕಂಪನಿ, ವಾಹನ ಎಲ್ಲಿ ಬರುತ್ತಿದೆಯೆಂದು ತಿಳಿಸುವ ವ್ಯವಸ್ಥೆ ತನ್ನದೆಂದು ನೂರಾರು ದಾವೆ ಹಾಕಿತ್ತು. 2017ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯವೊಂದು ಎದುರಾಳಿಯ ವಕೀಲರ ಖರ್ಚನ್ನೂ ಅದೇ ಕಟ್ಟಿಕೊಡಬೇಕೆಂದಿತು. ಮರುವರ್ಷ ದಿವಾಳಿ ಅರ್ಜಿ ಹಾಕುವಾಗ ತನ್ನ ಅಮೆರಿಕದ ಪೇಟೆಂಟ್‌ಗಳೆಲ್ಲ ಸೇರಿ ಬೆಲೆ 1 ಡಾಲರ್ ಎಂದು ಅದು ಬರೆದುಕೊಟ್ಟಿತು.

ನಮ್ಮ ದೇಶಕ್ಕೂ ಈ ಹೋರಾಟ ಹೊಸದಲ್ಲ. ಗಾಯ ಮಾಯಲು ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕ ಪೇಟೆಂಟ್ ಕೊಟ್ಟಾಗ, ಲೈಸೆನ್ಸ್ ಶುಲ್ಕ ಎಷ್ಟೆಂದು ಯಾರೂ ಕೇಳಲಿಲ್ಲ. ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಸ್‌ಐಆರ್ ಮರುಪರಿಶೀಲನೆಗೆ ಅರ್ಜಿ ಹಾಕಿ, ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳೂ ಸೇರಿದಂತೆ 32 ಆಧಾರಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿತು. ಬಳಿಕ 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವನ್ನೇ ಕಟ್ಟಿತು. ಅರಿಶಿನ ಎಲ್ಲರ ಆಸ್ತಿಯಾದ್ದರಿಂದ ಖರ್ಚನ್ನು ಸರ್ಕಾರ ಹೊತ್ತಿತು. ಸರಕು ಕಡಿಮೆಯಾದರೆ ಎಚ್ಚರಿಸುವ ಬುದ್ಧಿಯೂ ಎಲ್ಲರ ಆಸ್ತಿಯೇ.

ಇನ್ನು ಇಲ್ಲಿಯ ಪರಿಸ್ಥಿತಿ. ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂ, ಗಣಿತ, ವ್ಯವಹಾರ ವಿಧಾನ, ಆಲ್ಗಾರಿದಂ ಇವಕ್ಕೆ ಪೇಟೆಂಟ್ ಇಲ್ಲ. 2004ರ ಸುಗ್ರೀವಾಜ್ಞೆ ಇದನ್ನು ಸಡಿಲಿಸಲು ಹೊರಟಿತ್ತು. 2005ರಲ್ಲಿ ಸಂಸತ್ತು ಒಪ್ಪಲಿಲ್ಲ. ಹಾಗಿದ್ದೂ ಹುಸಿ ಪೇಟೆಂಟ್ ಏನೆಲ್ಲ ಮಾಡಬಲ್ಲದೆಂಬುದನ್ನು ಎರಡು ಸಿಮ್ ಫೋನಿನ ಪ್ರಕರಣದಲ್ಲಿ ಕಂಡಿದ್ದೇವೆ. ಒಂದೇ ಫೋನಿನಲ್ಲಿ ಎರಡು ಸಿಮ್ ಹಾಕುವುದಕ್ಕೆ 2008ರಲ್ಲಿ ಚೆನ್ನೈ ಕಚೇರಿಯಿಂದ ಒಬ್ಬರಿಗೆ ಪೇಟೆಂಟ್ ಸಿಕ್ಕಿತು. ಅದನ್ನು ಹಿಡಿದು ಅವರು ಕಸ್ಟಮ್ಸ್‌ಗೆ ದೂರು ಕೊಟ್ಟರು, ಆಮದಾದ ಫೋನುಗಳು ತಡೆಗೆ ಸಿಕ್ಕಿದವು. ಸ್ಪೈಸ್ ಕಂಪನಿ ಅದನ್ನು ಪ್ರಶ್ನಿಸಿ, 2012ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯಲ್ಲಿ ರದ್ದು ಮಾಡಿಸಿತು. ಕಸ್ಟಮ್ಸ್ ನಿಯಮಗಳಿಂದ ಪೇಟೆಂಟನ್ನು ಕೈಬಿಟ್ಟದ್ದು 2018ರಲ್ಲಿ. ಆ ಮೇಲ್ಮನವಿ ಮಂಡಳಿ 2021ರಿಂದ ಇಲ್ಲ. ಕೆಲಸವೆಲ್ಲ ಹೈಕೋರ್ಟ್‌ಗಳ ಹೆಗಲಿಗೆ ಬಿದ್ದಿದೆ. ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ಶುಲ್ಕವಿಲ್ಲದೆ ಆಕ್ಷೇಪಿಸಬಹುದಾಗಿದ್ದ ದಾರಿಗೂ 2024ರ ಮಾರ್ಚ್ ತಿದ್ದುಪಡಿಯಲ್ಲಿ ಶುಲ್ಕ ಬಂದಿದೆ.

ಈಗ ನನ್ನ ಕೋರಿಕೆಗೆ ಬರುತ್ತೇನೆ.

2015ರ ಸ್ಟಾರ್ಟಪ್ ನೀತಿಯಲ್ಲೇ ನಮ್ಮ ಸರ್ಕಾರ, ಪೇಟೆಂಟ್ ದಕ್ಕಿಸಿಕೊಂಡ ಸಂಸ್ಥೆಗೆ ಅದರ ಖರ್ಚನ್ನು ಮರುಪಾವತಿ ಮಾಡುವುದಾಗಿ ಹೇಳಿತ್ತು. ಭಾರತದ ಪೇಟೆಂಟಿಗೆ 2 ಲಕ್ಷ, ವಿದೇಶದ್ದಕ್ಕೆ 10 ಲಕ್ಷ ರೂಪಾಯಿವರೆಗೆ. ಒಳ್ಳೆಯದೇ. ಆದರೆ ಇನ್ನೊಬ್ಬರ ಹುಸಿ ಪೇಟೆಂಟನ್ನು ಪುರಾವೆ ಸಮೇತ ಕೆಡವಿದವನಿಗೂ ಸ್ಟಾರ್ಟಪ್ ನೀತಿಯಲ್ಲಿ, ಅದೇ ಮಿತಿಯಲ್ಲಿ ಮರುಪಾವತಿ ಕೊಡಿ. ಅಮೆರಿಕದ ಮಂಡಳಿಯ ಅರ್ಜಿಗೆ ಅದು ಸಾಲದು, ನಿಜ. ಆದರೆ ಅಲ್ಲಿಯ ಪೇಟೆಂಟ್ ಕಚೇರಿಯಲ್ಲೇ ಮರುಪರಿಶೀಲನೆ ಎಂಬ ಅಗ್ಗದ ದಾರಿಯಿದೆ, ಅರಿಶಿನ ಗೆದ್ದದ್ದೂ ಅದರಲ್ಲೇ. ಅದರ ಖರ್ಚಿಗೆ 10 ಲಕ್ಷ ದೊಡ್ಡ ಆಸರೆ. ಇಲ್ಲಿಯ ಆಕ್ಷೇಪಣೆಗಂತೂ 2 ಲಕ್ಷ ಧಾರಾಳವಾಯಿತು. ಸೋತವನಿಗೆ ಕೊಡಬೇಡಿ, ಗೆದ್ದವನಿಗೆ ಕೊಡಿ. ಖಜಾನೆಗೆ ಮೋಸವಾಗುವ ಪ್ರಶ್ನೆಯೇ ಇರುವುದಿಲ್ಲ.

ಹಣಕ್ಕಿಂತ ಮುಖ್ಯವಾದದ್ದು ಪುರಾವೆ. 'ಇದು ಮೊದಲೇ ಇತ್ತು' ಎಂದು ತೋರಿಸುವ ಹಳೆಯ ದಾಖಲೆ ಒಂದಿದ್ದರೆ ಮುಕ್ಕಾಲು ದಾವೆ ಅಲ್ಲೇ ಮುಗಿಯುತ್ತದೆ. ಅಂಥ ದಾಖಲೆ ದೇಶದಲ್ಲಿ ಎಲ್ಲಾದರೂ ರಾಶಿ ಬಿದ್ದಿದ್ದರೆ ಅದು ಬೆಂಗಳೂರಿನಲ್ಲಿ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಬಿಇಎಲ್, ಐಟಿಐ, ಎಚ್‌ಎಎಲ್, ಎಚ್‌ಎಂಟಿಯಲ್ಲೂ ಆಗಿನ್ನೂ ಬೆಳೆಯುತ್ತಿದ್ದ ಸಾಫ್ಟ್‌ವೇರ್ ಕಂಪನಿಗಳಲ್ಲೂ ದುಡಿದವರ ಮನೆಗಳಲ್ಲಿ ಕೈಪಿಡಿಗಳು, ಫ್ಲಾಪಿಗಳು, ತರಬೇತಿ ಟಿಪ್ಪಣಿಗಳು ರದ್ದಿಯವನಿಗೆ ಕಾದು ಕೂತಿವೆ. ಐಐಎಸ್‌ಸಿಯಂಥ ಸಂಸ್ಥೆಯ ಗ್ರಂಥಾಲಯದ ಜೊತೆ ಸೇರಿ ಇವನ್ನು ಸಂಗ್ರಹಿಸಿ, ಸ್ಕ್ಯಾನ್ ಮಾಡಿ, ಪ್ರಕಟವಾದ ದಿನಾಂಕವನ್ನು ದೃಢೀಕರಿಸಿ, ಯಾರು ಬೇಕಾದರೂ ಹುಡುಕುವಂತೆ ಇಡಿ. ಪೇಟೆಂಟ್ ಪರೀಕ್ಷಕರಿಗೂ ಅದು ಸಿಗಲಿ. ಜಯನಗರದ ಆ ಹಿರಿಯರ ಕೈಪಿಡಿ ನನ್ನಲ್ಲಿದೆ, ಅವರ ಒಪ್ಪಿಗೆಯೂ ಇದೆ. ಮೊದಲ ಕಾಣಿಕೆಯಾಗಿ ಅದನ್ನೇ ತಂದು ಕೊಡುತ್ತೇನೆ.

ಈ ಹುಡುಕಾಟಕ್ಕೆ ಬಹುಮಾನ ಇಟ್ಟರೆ ಇನ್ನೂ ಒಳ್ಳೆಯದು. ಜಾಲತಾಣಗಳಿಗೆ ಭದ್ರತೆ ಒದಗಿಸುವ ಅಮೆರಿಕದ ಕ್ಲೌಡ್‌ಫ್ಲೇರ್ ಕಂಪನಿ ತನ್ನ ಮೇಲೆ ಇಂಥ ದಾವೆ ಬಂದಾಗ ಹಳೆಯ ಪುರಾವೆ ಹುಡುಕಿಕೊಟ್ಟವರಿಗೆ ಬಹುಮಾನ ಸಾರಿತು. ಸೇಬಲ್ ಎಂಬ ಕಂಪನಿ ಹೂಡಿದ ದಾವೆಯಲ್ಲಿ 2024ರ ಫೆಬ್ರುವರಿಯಲ್ಲಿ ಜ್ಯೂರಿ ಕ್ಲೌಡ್‌ಫ್ಲೇರ್ ಪರ ತೀರ್ಪಿತ್ತಿತು. ಕೊನೆಗೆ ಸೇಬಲ್ 2 ಲಕ್ಷ 25 ಸಾವಿರ ಡಾಲರ್ ಕಟ್ಟಿಕೊಟ್ಟು, ತನ್ನ ಪೇಟೆಂಟ್‌ಗಳನ್ನೇ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ವಿಟಿಯು ಕಾಲೇಜುಗಳ ವಿದ್ಯಾರ್ಥಿಗಳಿಗೆ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಇಂಥ ಹುಡುಕಾಟ ಕೊಟ್ಟು ನೋಡಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪ್ರಾಜೆಕ್ಟ್ ವರದಿಗಿಂತ ಅದರಿಂದ ಅವರು ಕಲಿಯುವುದು ಹೆಚ್ಚು.

ನಮ್ಮ ಕಾಯ್ದೆಯ ಸೆಕ್ಷನ್ 106ರ ಪ್ರಕಾರ, ಆಧಾರವಿಲ್ಲದ ಪೇಟೆಂಟ್ ಬೆದರಿಕೆ ಬಂದರೆ ಬೆದರಿಕೆಗೆ ಒಳಗಾದವನೇ ಕೋರ್ಟಿಗೆ ಹೋಗಿ ತಡೆ ಮತ್ತು ಪರಿಹಾರ ಕೇಳಬಹುದು. ಸಣ್ಣ ಉದ್ಯಮಿಗಳಲ್ಲಿ ಬಹಳಷ್ಟು ಜನರ ಕಿವಿಗೆ ಇದು ಬಿದ್ದೇ ಇಲ್ಲ. ಇಂಥ ಪತ್ರ ಬಂದವರು ಮೊದಲ ದಿನವೇ ಹೋಗಿ ತೋರಿಸಬಹುದಾದ ಒಬ್ಬ ಪೇಟೆಂಟ್ ವಕೀಲರನ್ನು ಇಲಾಖೆ ನೇಮಿಸಲಿ. ಮೈಸೂರು, ಹುಬ್ಬಳ್ಳಿ, ಮಂಗಳೂರಿನವರಿಗೂ ಸಿಗುವಂತಿರಲಿ. ಬಂದ ಪತ್ರಗಳನ್ನೆಲ್ಲ, ಪಡೆದವರ ಹೆಸರು ಮರೆಮಾಡಿ, ಒಂದೆಡೆ ಪ್ರಕಟಿಸಲಿ. ಯಾವ ಪೇಟೆಂಟ್, ಯಾರು ಕೇಳುತ್ತಿದ್ದಾರೆ, ಎಷ್ಟು ಕೇಳುತ್ತಿದ್ದಾರೆ ಎಂಬುದು ಬಯಲಾದರೆ ನಾಲ್ಕು ಜನ ಸೇರಿ ಖರ್ಚು ಹಂಚಿಕೊಳ್ಳಬಹುದು. ಹುಬ್ಬಳ್ಳಿಯ ಸ್ನೇಹಿತರಿಗೆ ಆ ಪತ್ರ ಬಂದ ವಾರವೇ ನನಗೆ ಗೊತ್ತಾಗಿದ್ದರೆ ಕೈಪಿಡಿಯ ಪ್ರತಿಯನ್ನು ಅಂದೇ ಕಳಿಸುತ್ತಿದ್ದೆ. ಆಕ್ಷೇಪಣೆಯ ಶುಲ್ಕವನ್ನು ಸಣ್ಣ ಉದ್ಯಮಗಳಿಗೂ ಸಾರ್ವಜನಿಕ ಹಿತದ ಸಂಘಟನೆಗಳಿಗೂ ಮನ್ನಾ ಮಾಡುವಂತೆ ಕೇಂದ್ರ ವಾಣಿಜ್ಯ ಸಚಿವಾಲಯಕ್ಕೆ ತಾವು ಪತ್ರ ಬರೆಯಬೇಕೆಂದೂ ಕೋರುತ್ತೇನೆ.

ಪೇಟೆಂಟ್ ಎಂಬುದೇ ಬೇಡವೆಂದು ನಾನು ಹೇಳುತ್ತಿಲ್ಲ. ನಿಜವಾಗಿ ಹೊಸದನ್ನು ಕಂಡುಹಿಡಿದವರಿಗೆ ಶುಲ್ಕ ಕೊಡಲು ನಮಗೆ ಯಾವ ತಕರಾರೂ ಇಲ್ಲ. ನಮ್ಮ ಸಾಫ್ಟ್‌ವೇರ್‌ನಲ್ಲಿ ಬಳಸುವ ಬೇರೆಯವರ ತಂತ್ರಾಂಶಕ್ಕೆ ಪ್ರತಿ ವರ್ಷ ಲೈಸೆನ್ಸ್ ಕಟ್ಟುತ್ತಲೇ ಇದ್ದೇವೆ.

ನವೆಂಬರ್‌ನಲ್ಲಿ ತಮ್ಮ ಇಲಾಖೆ ನಡೆಸುವ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ಈ ವಿಷಯಕ್ಕೆ ಒಂದು ಗಂಟೆ ಬಿಟ್ಟುಕೊಡಿ. ಇಂಥ ಪತ್ರ ಬಂದ ಸಣ್ಣ ಸಂಸ್ಥೆಗಳನ್ನು ಕರೆತರುವ ಜವಾಬ್ದಾರಿ ನನ್ನದು. ಬಾಯಿ ಬಿಡಬಾರದೆಂದು ಕರಾರಿಗೆ ಸಹಿ ಹಾಕಿದವರು ಬಾಗಿಲು ಮುಚ್ಚಿದ ಕೋಣೆಯಲ್ಲೂ ಮಾತಾಡಲಾರರು. ಸಹಿ ಹಾಕದವರು ಇನ್ನೂ ಇದ್ದೇವೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ದಾಸ್ತಾನು ಸಾಫ್ಟ್‌ವೇರ್ ಸಂಸ್ಥೆಯೊಂದರ ಪಾಲುದಾರ,
ಮೈಸೂರು

ಪ್ರತಿ: ಪೇಟೆಂಟ್, ವಿನ್ಯಾಸ ಮತ್ತು ಟ್ರೇಡ್‌ಮಾರ್ಕ್‌ಗಳ ಮಹಾನಿಯಂತ್ರಕರಿಗೆ, ಆಕ್ಷೇಪಣೆಯ ಶುಲ್ಕದ ವಿಷಯವಾಗಿ.